ಬೀಳುವ ಮೊದಲೇ ಮಾಡಬೇಕಾದ ಕೆಲಸಗಳು: ಬಿಸಿಲುನಾಡಿನ ಹಿರಿಯರಿಗೆ ಮತ್ತು ಅವರ ಮನೆಯವರಿಗೆ

ಬೇಸಿಗೆಯಲ್ಲಿ ನಮ್ಮ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಮನೆಯೊಳಗೆ ಮಲಗಲು ಆಗುವುದಿಲ್ಲ. ಹಗಲೆಲ್ಲ ಕಾದ ಗೋಡೆಗಳು ನಡುರಾತ್ರಿಯವರೆಗೂ ಸೆಖೆ ಸೂಸುತ್ತಿರುವುದರಿಂದ ಚಾಪೆ, ಕೌದಿ, ಒಂದು ತಂಬಿಗೆ ನೀರು ಹಿಡಿದುಕೊಂಡು ಮಾಳಿಗೆ ಏರುವುದು ರೂಢಿ. ನನ್ನ ತಾಯಿ ಬಿದ್ದದ್ದು ಅಂಥದೊಂದು ಮೇ ತಿಂಗಳ ನಸುಕಿನಲ್ಲಿ. ಮೂತ್ರಕ್ಕೆಂದು ಎದ್ದು, ಕಂಬಿಯಿಲ್ಲದ ಮೆಟ್ಟಿಲುಗಳನ್ನು ಕತ್ತಲಲ್ಲಿ ಒಬ್ಬರೇ ಇಳಿಯುತ್ತಿದ್ದ ಅವರು, ಮೆಟ್ಟಿಲು ಮುಗಿಯಿತೆಂದು ತಿಳಿದು ಹೆಜ್ಜೆಯಿಟ್ಟ ಕಡೆ ಇನ್ನೊಂದು ಮೆಟ್ಟಿಲಿತ್ತು. ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಅವರು ಮನೆಗೆ ಬಂದ ಮೇಲೆ ನಾವು ಮೆಟ್ಟಿಲಿಗೆ ಕಂಬಿ ಹಾಕಿಸಿದೆವು, ಮೇಲೊಂದು ಕೆಳಗೊಂದು ದೀಪ ಕೂಡಿಸಿದೆವು. ವೆಲ್ಡಿಂಗ್ ಮಾಡುವವರಿಗೆ ಆ ಕೆಲಸಕ್ಕೆ ಒಂದು ಬೆಳಗು ಸಾಕಾಯಿತು. ಅದೇ ಕೆಲಸವನ್ನು ಒಂದು ತಿಂಗಳು ಮೊದಲು ಮಾಡಿಸಬಹುದಿತ್ತೆಂಬ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ಬರಹವನ್ನು ಬರೆಯುತ್ತಿರುವುದೂ ಆ ಸಂಕಟದಿಂದಲೇ.

ಹಿರಿಯರು ಬಿದ್ದಾಗ "ವಯಸ್ಸಾಯಿತು, ಇನ್ನೇನು ಮಾಡುವುದು" ಎನ್ನುವ ಮಾತು ನಮ್ಮಲ್ಲಿ ತೀರ ಸುಲಭವಾಗಿ ಬಂದುಬಿಡುತ್ತದೆ. ಆದರೆ ಬೀಳುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ತೊಡೆ ಮತ್ತು ಮೀನಖಂಡದ ಸ್ನಾಯುಗಳು ಸೊರಗಿರುತ್ತವೆ, ಕಣ್ಣಿನ ಪೊರೆಯಿಂದ ಮೆಟ್ಟಿಲಿನ ಅಂಚು ಕಾಣದಾಗಿರುತ್ತದೆ, ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕುಂದಿರುತ್ತದೆ, ಎದ್ದು ನಿಂತ ಕೂಡಲೇ ರಕ್ತದೊತ್ತಡ ಇಳಿಯುತ್ತದೆ, ನೆಲದಲ್ಲಿ ಸೋಪಿನ ನೀರಿರುತ್ತದೆ. ಸಾಮಾನ್ಯವಾಗಿ ಇವುಗಳಲ್ಲಿ ಎರಡು ಮೂರು ಒಂದೇ ಗಳಿಗೆಯಲ್ಲಿ ಕೂಡಿಕೊಂಡಾಗ ಮನುಷ್ಯ ಬೀಳುತ್ತಾನೆ. ಅವುಗಳಲ್ಲಿ ಒಂದನ್ನು ಸರಿಪಡಿಸಿದರೂ ಅನೇಕ ಬಾರಿ ಬೀಳುವುದು ತಪ್ಪುತ್ತದೆ.

ಮೊದಲು ಕಾಲಿನ ಬಲವನ್ನು ಅಳೆದು ನೋಡಿರಿ

ಇದಕ್ಕೆ ಯಂತ್ರವೇನೂ ಬೇಕಿಲ್ಲ. ಗೋಡೆಗೆ ತಾಗಿಸಿದ ಒಂದು ಗಟ್ಟಿ ಕುರ್ಚಿ, ಮೊಬೈಲಿನ ಗಡಿಯಾರ ಮತ್ತು ಪಕ್ಕದಲ್ಲಿ ನಿಲ್ಲಲು ಮನೆಯವರೊಬ್ಬರು ಇದ್ದರೆ ಸಾಕು. ಕುರ್ಚಿಯಿಂದ ಎದ್ದು, ನೆಲದ ಮೇಲೆ ಗುರುತು ಮಾಡಿದ ಮೂರು ಮೀಟರು ದೂರವನ್ನು ದಿನನಿತ್ಯದ ನಡಿಗೆಯಲ್ಲಿ ನಡೆದು, ಅಲ್ಲಿಂದ ತಿರುಗಿ ಬಂದು ಮತ್ತೆ ಕುಳಿತುಕೊಳ್ಳಬೇಕು. ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಸಮಯ ಹಿಡಿದರೆ ಬೀಳುವ ಅಪಾಯ ಹೆಚ್ಚೆಂದು ವೈದ್ಯರು ಎಣಿಸುತ್ತಾರೆ. ಎರಡನೆಯದಾಗಿ, ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳುಗಳಿಗೆ ತಾಗುವಂತೆ, ಗೆರೆಯ ಮೇಲೆ ನಿಂತ ಹಾಗೆ, 10 ಸೆಕೆಂಡು ನಿಲ್ಲಲು ಪ್ರಯತ್ನಿಸಬೇಕು. ನಿಲ್ಲಲಾಗದೆ ಜೋಲಿ ಹೊಡೆದರೆ ಸಮತೋಲನ ಕುಂದಿದೆಯೆಂದೇ ಅರ್ಥ. ಕಳೆದ ಒಂದು ವರ್ಷದಲ್ಲಿ ಬಿದ್ದದ್ದುಂಟೇ ಎಂಬುದನ್ನೂ ಹಿರಿಯರನ್ನು ಕೇಳಿ ತಿಳಿಯಬೇಕು. ಪೆಟ್ಟಾಗದೆ ಬಿದ್ದದ್ದನ್ನು ಅವರು ತಾವಾಗಿ ಹೇಳುವುದಿಲ್ಲ. ಹೇಳಿದರೆ ಹೊಲಕ್ಕೆ, ಗುಡಿಗೆ ಹೋಗುವುದನ್ನು ಮಕ್ಕಳು ನಿಲ್ಲಿಸಿಬಿಡುತ್ತಾರೆಂಬ ಅಂಜಿಕೆ ಅವರಿಗಿರುತ್ತದೆ. ನನ್ನ ತಾಯಿ ಅದಕ್ಕೆ ಮೊದಲು ಎರಡು ಸಲ ಬಚ್ಚಲಲ್ಲಿ ಜಾರಿದ್ದರೆಂಬುದು ನಮಗೆ ಗೊತ್ತಾದದ್ದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ.

ಮನೆಯೊಳಗಿನ ನಾಲ್ಕು ಜಾಗಗಳು

ಇಡೀ ಮನೆಯನ್ನು ಬದಲಿಸಬೇಕಾಗಿಲ್ಲ. ಬಚ್ಚಲು, ಹೊಸ್ತಿಲು, ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿ, ಮಾಳಿಗೆಯ ಮೆಟ್ಟಿಲು: ನಮ್ಮ ಕಡೆಯ ಮನೆಗಳಲ್ಲಿ ಮೊದಲು ನೋಡಬೇಕಾದವು ಈ ನಾಲ್ಕೇ.

ಬಚ್ಚಲಿನ ನೆಲಕ್ಕೆ ಹಾಕಿದ ಶಹಾಬಾದ ಕಲ್ಲು ಅಥವಾ ಕಡಪ ಕಲ್ಲು ವರ್ಷಗಟ್ಟಲೆ ನೀರು ಹರಿದು ನುಣುಪಾಗಿರುತ್ತದೆ. ಹೊಸ ಮನೆಗಳ ಹೊಳೆಯುವ ಟೈಲ್ಸು ಅದಕ್ಕಿಂತ ಕೆಟ್ಟದು. ಸೋಪಿನ ಜಿಡ್ಡು, ಮೂಲೆಯ ಪಾಚಿ, ಯುಗಾದಿ ಮತ್ತು ದೀಪಾವಳಿಯಂದು ಅಭ್ಯಂಜನದ ಎಣ್ಣೆ ಸೇರಿದರೆ ಗಟ್ಟಿಮುಟ್ಟಾದ ಯುವಕರೂ ಜಾರುತ್ತಾರೆ. ವಾರಕ್ಕೆರಡು ಸಲ ಬ್ಲೀಚಿಂಗ್ ಪುಡಿ ಹಾಕಿ ಗಡಸು ಬ್ರಷ್ಷಿನಿಂದ ಉಜ್ಜಬೇಕು. ಕಲ್ಲು ತೀರ ನುಣುಪಾಗಿದ್ದರೆ ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಮೇಲ್ಮೈಯನ್ನು ಒರಟು ಮಾಡಿಸಬಹುದು. ಅದು ಆಗದಿದ್ದರೆ ಕೆಳಭಾಗದಲ್ಲಿ ಹಿಡಿತವಿರುವ ರಬ್ಬರ್ ಮ್ಯಾಟನ್ನು ಹಾಸಬೇಕು. ಬಚ್ಚಲಿನ ಬಾಗಿಲಲ್ಲಿ ಕಾಲೊರೆಸಲು ಹಾಕುವ ಗೋಣಿತಾಟು ಮತ್ತು ಹಳೆಯ ಸೀರೆಯ ತುಂಡು ಒದ್ದೆಯಾದಾಗ ಕಾಲಡಿಯಲ್ಲಿ ಸರಿಯುತ್ತವೆ, ಒಣಗಿದಾಗ ಕಾಲಿಗೆ ತೊಡರುತ್ತವೆ. ಅವನ್ನು ಇಂದೇ ತೆಗೆದುಹಾಕಿರಿ.

ಗೋಡೆಗೆ ಹಿಡಿಕೆಗಳನ್ನು ಕೂಡಿಸುವುದು ಈ ಎಲ್ಲ ಕೆಲಸಗಳಲ್ಲಿ ಅತಿ ಮುಖ್ಯವಾದದ್ದೆಂದು ನಾನು ತಿಳಿದಿದ್ದೇನೆ. ಬಚ್ಚಲಿನ ಬಾಗಿಲ ಪಕ್ಕದಲ್ಲೊಂದು, ಜಳಕಕ್ಕೆ ಕೂರುವ ಜಾಗದಲ್ಲೊಂದು, ಶೌಚಾಲಯದಲ್ಲಿ ಕುಳಿತು ಏಳುವಾಗ ಕೈಗೆ ಸಿಗುವಂತೆ ಒಂದು, ಹೀಗೆ ಮೂರು ಹಿಡಿಕೆಗಳು ಬೇಕು. ಹಿರಿಯರನ್ನೇ ಅಲ್ಲಿ ಕೂರಿಸಿ, ಎಬ್ಬಿಸಿ, ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಂದು ನೋಡಿ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು, ಆ ಎತ್ತರದಲ್ಲಿಯೇ ಹಿಡಿಕೆಯನ್ನು ಗೋಡೆಯೊಳಗೆ ಭದ್ರವಾಗಿ ಬೋಲ್ಟು ಹಾಕಿ ಕೂಡಿಸಬೇಕು. ನಲ್ಲಿ ಮತ್ತು ಟವೆಲು ಹಾಕುವ ಸರಳು ಮೈಭಾರವನ್ನು ತಾಳುವುದಿಲ್ಲ. ಅವನ್ನು ನಂಬಿ ಎದ್ದವರು ಸರಳಿನ ಸಮೇತ ಬಿದ್ದಿದ್ದಾರೆ. ಜಳಕಕ್ಕೆ ನೆಲದ ಮೇಲಿನ ಮಣೆಯ ಬದಲು ಕಾಲುಗಳಿಗೆ ರಬ್ಬರಿರುವ ಎತ್ತರದ ಸ್ಟೂಲು ಒಳ್ಳೆಯದು. ಮೊಣಕಾಲು ಮಡಿಸಲು ಕಷ್ಟವಾಗುವವರಿಗೆ ಕಮೋಡ್ ಇಲ್ಲದಿದ್ದರೆ, ಇರುವ ಶೌಚಾಲಯದ ಮೇಲೆಯೇ ಇಡಬಹುದಾದ ಕಮೋಡ್ ಕುರ್ಚಿ ಔಷಧ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ. ಹಂಡೆಯ ಕಾದ ನೀರನ್ನು ತೋಡಿ ಬೆರೆಸುವ ಕೆಲಸವನ್ನು ಬೇರೆಯವರು ಮಾಡಲಿ; ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕುಂದಿದವರಿಗೆ ನೀರಿನ ಬಿಸಿ ತಿಳಿಯುವ ಹೊತ್ತಿಗೆ ಚರ್ಮ ಸುಟ್ಟಿರುತ್ತದೆ. ಬಚ್ಚಲಿನ ಚಿಲಕವನ್ನು ಒಳಗಿನಿಂದ ಹಾಕದಿರುವುದು ಹಿರಿಯರಿಗೆ ಮುಜುಗರದ ವಿಷಯ. ಆದ್ದರಿಂದ ಹೊರಗಿನಿಂದಲೂ ತೆಗೆಯಬಹುದಾದ ಚಿಲಕವನ್ನು ಹಾಕಿಸಿದರೆ ಅವರ ಮಾನವೂ ಉಳಿಯುತ್ತದೆ, ಬಿದ್ದಾಗ ಬಾಗಿಲು ಒಡೆಯುವ ಪ್ರಸಂಗವೂ ಬರುವುದಿಲ್ಲ.

ಹೊಸ್ತಿಲನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಪೂಜೆಗೊಳ್ಳುವ ಹೊಸ್ತಿಲನ್ನು ಯಾರೂ ತೆಗೆಯಲಾರರು. ಆದರೆ ಅದರ ಮುಂಭಾಗಕ್ಕೆ ಎದ್ದು ಕಾಣುವ ಹಳದಿ ಬಣ್ಣ ಬಳಿಯಬಹುದು, ಚೌಕಟ್ಟಿಗೆ ಒಂದು ಹಿಡಿಕೆ ಹಾಕಬಹುದು. ಪಡಸಾಲೆಯಿಂದ ಅಂಗಳಕ್ಕೆ ಇಳಿಯುವ ಎತ್ತರದ ಮೆಟ್ಟಿಲಿಗೂ ಇದೇ ಉಪಾಯ.

ಹಳ್ಳಿಯ ಅನೇಕ ಮನೆಗಳಲ್ಲಿ ಶೌಚಾಲಯ ಅಂಗಳದಾಚೆ ಇರುತ್ತದೆ. ರಾತ್ರಿ ಎರಡು ಸಲ ಏಳುವವರು ಆ ದಾರಿಯಲ್ಲಿ ಕಟ್ಟಿದ ಎಮ್ಮೆ, ಬಿದ್ದ ಸೌದೆ, ನೀರಿನ ಪೈಪು, ಮಲಗಿದ ನಾಯಿ ಇವೆಲ್ಲವನ್ನೂ ದಾಟಬೇಕು. ಹಾಸಿಗೆಯಿಂದ ಕೈಗೆಟುಕುವಲ್ಲಿ ಟಾರ್ಚು, ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ಎಲ್‌ಇಡಿ ದೀಪ, ಕರೆಂಟು ಹೋದರೂ ಬೆಳಗುವ ಬ್ಯಾಟರಿ ಬಲ್ಬು ಇರಬೇಕು. ನಡೆಯಲು ತೀರ ಕಷ್ಟವಿರುವವರ ಹಾಸಿಗೆಯ ಪಕ್ಕದಲ್ಲಿ ಮೂತ್ರಕ್ಕೆ ಪಾತ್ರೆಯಿಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸಂಜೆ ಆರರ ನಂತರ ಚಹಾವನ್ನು ಬಿಟ್ಟರೆ ರಾತ್ರಿ ಏಳುವುದೇ ಒಂದು ಸಲ ಕಡಿಮೆಯಾಗಬಹುದು.

ಮಾಳಿಗೆಯ ವಿಷಯದಲ್ಲಿ ನನ್ನ ಮಾತು ಕಟುವಾಗಿಯೇ ಇರುತ್ತದೆ: ಎರಡೂ ಬದಿಗೆ ಕಂಬಿಯಿಲ್ಲದ ಮೆಟ್ಟಿಲನ್ನು, ಒರಗಿಸಿಟ್ಟ ಏಣಿಯನ್ನು 65 ದಾಟಿದವರು ರಾತ್ರಿ ಏರಬಾರದು. ಸೆಖೆ ತಡೆಯಲಾಗದಿದ್ದರೆ ಅಂಗಳದಲ್ಲಿ ಹೊರಸು ಹಾಕಿ ಸೊಳ್ಳೆಪರದೆ ಕಟ್ಟಿಕೊಡಿರಿ. ಏರಲೇಬೇಕೆಂದಾದರೆ ಕಂಬಿ ಹಾಕಿಸಿ, ಮೆಟ್ಟಿಲಿನ ಅಂಚುಗಳಿಗೆ, ಅದರಲ್ಲೂ ಮೊದಲನೆಯ ಮತ್ತು ಕೊನೆಯ ಮೆಟ್ಟಿಲಿಗೆ, ಬಿಳಿ ಬಣ್ಣ ಬಳಿಸಿರಿ. ಮಾಳಿಗೆಯ ಸುತ್ತ ಗೋಡೆಯಿಲ್ಲದಿದ್ದರೆ ಹಿರಿಯರ ಹಾಸಿಗೆ ನಟ್ಟನಡುವೆ ಇರಲಿ. ರಾತ್ರಿ ಇಳಿಯುವಾಗ ಮೊಮ್ಮಕ್ಕಳಲ್ಲಿ ಒಬ್ಬರನ್ನು ಎಬ್ಬಿಸುವ ಕಟ್ಟುಪಾಡು ಮನೆಯಲ್ಲಿರಲಿ.

ದಿನಕ್ಕೆ ಹದಿನೈದು ನಿಮಿಷದ ವ್ಯಾಯಾಮ

"ಜೀವಮಾನವೆಲ್ಲ ಹೊಲದಲ್ಲಿ ದುಡಿದವರಿಗೆ ವ್ಯಾಯಾಮ ಯಾಕೆ" ಎಂದು ಕೇಳುವವರಿದ್ದಾರೆ. ದುಡಿಯುವವರೆಗೆ ಆ ಮಾತು ನಿಜ. ದುಡಿಮೆ ನಿಂತು ಕಟ್ಟೆಯ ಮೇಲೆ ಕುಳಿತ ಕೆಲವೇ ತಿಂಗಳಲ್ಲಿ ತೊಡೆಯ ಬಲ ಇಳಿಯತೊಡಗುತ್ತದೆ. ಹಾಗೆ ಇಳಿದ ಬಲ ಎಂಬತ್ತರ ವಯಸ್ಸಿನಲ್ಲಿಯೂ ಅಭ್ಯಾಸದಿಂದ ಮರಳುತ್ತದೆಂಬುದು ವೈದ್ಯಕೀಯ ಸಂಶೋಧನೆ ದೃಢಪಡಿಸಿದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ನಡಿಗೆಯಂಥ ಚಟುವಟಿಕೆಯನ್ನು, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವನ್ನು, ಮೂರು ದಿನವಾದರೂ ಸಮತೋಲನದ ಅಭ್ಯಾಸವನ್ನು ಹೇಳುತ್ತದೆ. ನಡಿಗೆಯೊಂದೇ ಸಾಲದೆಂಬುದನ್ನು ಇಲ್ಲಿ ಗಮನಿಸಬೇಕು. ದಿನವೂ ಊರಹೊರಗಿನ ಗುಡಿಯವರೆಗೆ ನಡೆದುಬರುವವರೂ ಒಂಟಿ ಕಾಲಿನ ಮೇಲೆ ನಿಲ್ಲಲಾರದೆ ಇರಬಹುದು.

ಕುರ್ಚಿಯಿಂದ ಏಳುವುದೇ ಮೊದಲ ವ್ಯಾಯಾಮ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಜಾರುವುದರಿಂದ ಮರದ ಅಥವಾ ಕಬ್ಬಿಣದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಕುರ್ಚಿಯ ಮುಂಭಾಗಕ್ಕೆ ಸರಿದು ಕುಳಿತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆಳೆದು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಕೈಯೂರದೆ ಏಳಬೇಕು. ಕೈಯೂರದೆ ಆಗದಿದ್ದರೆ ಮೊದಲ ಕೆಲವು ವಾರ ತೊಡೆಯ ಮೇಲೆ ಕೈಯೂರಿಯೇ ಏಳಲಿ. ಕೂರುವಾಗ ಧಪ್ಪನೆ ಬೀಳದೆ, ನಾಲ್ಕು ಎಣಿಸುವಷ್ಟು ನಿಧಾನವಾಗಿ ಕೂರಬೇಕು. ಬಲ ಬರುವುದು ಏಳುವುದರಿಂದ ಎಷ್ಟೋ, ಹೀಗೆ ನಿಧಾನವಾಗಿ ಕೂರುವುದರಿಂದಲೂ ಅಷ್ಟೇ. ಐದು ಸಲದಿಂದ ಆರಂಭಿಸಿ ಹತ್ತಕ್ಕೆ ಏರಿಸಿ, ಸ್ವಲ್ಪ ದಣಿವಾರಿಸಿಕೊಂಡು ಇನ್ನೊಮ್ಮೆ ಹತ್ತು ಮಾಡಬೇಕು.

ಆಮೇಲೆ ಅಡುಗೆಮನೆಯ ಕಟ್ಟೆಯನ್ನೋ ಕಿಟಕಿಯ ಸರಳನ್ನೋ ಹಿಡಿದು ನಿಂತು, ಹಿಮ್ಮಡಿಗಳನ್ನು ಎತ್ತಿ ಬೆರಳುಗಳ ಮೇಲೆ ನಿಲ್ಲುವುದು, ಬೆರಳುಗಳನ್ನು ಎತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು, ಒಂದೊಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುವುದು, ಇವನ್ನು ಹತ್ತು ಹತ್ತು ಸಲ ಮಾಡಬೇಕು. ಸಮತೋಲನಕ್ಕೆ ಮೊದಲು ಹೇಳಿದ ಹಿಮ್ಮಡಿ-ಬೆರಳಿನ ನಿಲುವೇ ಅಭ್ಯಾಸವೂ ಆಗುತ್ತದೆ: ಮೊದಲು ಎರಡೂ ಕೈ ಹಿಡಿದು, ಮುಂದಿನ ವಾರ ಒಂದು ಕೈ, ಅದರ ಮುಂದಿನ ವಾರ ಎರಡು ಬೆರಳು. ಅದು ಕೈವಶವಾದ ಮೇಲೆ ಒಂಟಿ ಕಾಲಿನಲ್ಲಿ 10 ಸೆಕೆಂಡು, ಬಳಿಕ ಗೋಡೆಯ ಪಕ್ಕದಲ್ಲಿ ಹೆಜ್ಜೆಗೆ ಹೆಜ್ಜೆ ತಾಗಿಸಿ ಹತ್ತು ಹೆಜ್ಜೆ ನಡಿಗೆ. ನನ್ನ ತಾಯಿ ಇದನ್ನು ಒಲೆಯ ಮೇಲೆ ಹಾಲು ಕಾಯುವ ಹೊತ್ತಿನಲ್ಲಿ, ಕಟ್ಟೆ ಹಿಡಿದುಕೊಂಡು ಮಾಡುತ್ತಾರೆ. ಬೇರೆ ಹೊತ್ತು ಹುಡುಕಬೇಕಾಗಿಲ್ಲದ್ದರಿಂದಲೇ ಅದು ತಪ್ಪದೆ ನಡೆದಿದೆ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ತಕ್ಷಣ ನಿಲ್ಲಿಸಬೇಕು. ಹೃದಯದ ತೊಂದರೆ ಇರುವವರು ಮತ್ತು ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ನೆಲದ ಮೇಲೆ ಕುಳಿತು ಏಳುವುದನ್ನು, ನೋವಿಲ್ಲದೆ ಆಗುತ್ತಿರುವವರು, ಬಿಡಬಾರದೆಂಬುದು ನನ್ನ ಅಭಿಪ್ರಾಯ. ಊಟಕ್ಕೆ ನೆಲದ ಮೇಲೆ ಕೂರುವ ಪದ್ಧತಿ ಮೂರು ಹೊತ್ತು ತೊಡೆಗೆ ಕೆಲಸ ಕೊಡುತ್ತದೆ. ಮೊಣಕಾಲು ಸವೆದವರಿಗೆ ಮಾತ್ರ ಕುರ್ಚಿ ಹಾಕಿಕೊಡಿರಿ. ಹಿರಿಯರೆಂಬ ಗೌರವಕ್ಕಾಗಿ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ, ಕೈಗೆ ನೀರು ತಂದುಕೊಟ್ಟು, ಏಳಗೊಡದಿರುವುದು ಪ್ರೀತಿಯಿಂದ ಮಾಡುವ ಅಪಕಾರ.

ಊರುಗೋಲು ಬೇಕಾದವರು ಅದನ್ನು ಸರಿಯಾಗಿ ಹಿಡಿಯಬೇಕು. ಕೈಗಳನ್ನು ಇಳಿಬಿಟ್ಟು ನಿಂತಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ತುದಿಗೆ ರಬ್ಬರ್ ಬಿರಡೆ ಇರಬೇಕು, ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲಗಾಲು ನೋಯುವವರು ಬಲಗೈಯಲ್ಲೇ ಕೋಲು ಹಿಡಿದಿರುವುದನ್ನು ನಾನು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ದಿನವೂ ನೋಡುತ್ತೇನೆ. ಎಡಗೈಗೆ ಬದಲಿಸಿದರೆ ನೋಯುವ ಕೀಲಿನ ಮೇಲಿನ ಭಾರ ಕಡಿಮೆಯಾಗುತ್ತದೆ.

ಏಳುವಾಗಿನ ತಲೆಸುತ್ತು, ಮಾತ್ರೆಗಳು, ಕಣ್ಣು, ಪಾದ

ಮಲಗಿದವರು ಥಟ್ಟನೆ ಎದ್ದು ನಡೆಯಬಾರದು. ಎದ್ದು ಕುಳಿತು, ಪಾದಗಳನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಒಂದು ನಿಮಿಷ ತಡೆದು, ನಿಂತ ಮೇಲೂ ಹಾಸಿಗೆಯ ಅಂಚು ಹಿಡಿದು ಹತ್ತು ಎಣಿಸಿ ಆಮೇಲೆ ಹೆಜ್ಜೆಯಿಡಬೇಕು. ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದಕ್ಕೆ ಚಿಕಿತ್ಸೆ ಬೇಕಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡುವಾಗ ಮಲಗಿಸಿಯೂ ನಿಲ್ಲಿಸಿಯೂ ಅಳೆಯಿರಿ ಎಂದು ನೀವೇ ಕೇಳಿಕೊಳ್ಳಬಹುದು.

ನಿದ್ದೆಯ ಮಾತ್ರೆ, ನೆಗಡಿ ಮತ್ತು ತುರಿಕೆಗೆ ಕೊಡುವ ಕೆಲವು ಮಾತ್ರೆ, ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಇವು ತೂಕಡಿಕೆಯನ್ನೋ ತಲೆಸುತ್ತನ್ನೋ ತರಬಲ್ಲವು. ಅವನ್ನು ತಾವಾಗಿ ನಿಲ್ಲಿಸಕೂಡದು. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದೆ ಸುರಿಯಬೇಕು. ಮೊಣಕಾಲು ನೋವಿಗೆಂದು ಔಷಧದಂಗಡಿಯಿಂದ ಚೀಟಿಯಿಲ್ಲದೆ ತರುವ ನೋವಿನ ಗುಳಿಗೆಗಳೂ ಆ ಚೀಲದಲ್ಲಿರಲಿ. ಅವು ತಿಂಗಳುಗಟ್ಟಲೆ ಒಳಗೆ ಹೋದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ನೋವು ಒಂದೇ ದಿನದಲ್ಲಿ ಮಾಯವಾಗುವುದನ್ನು ಕಂಡು ಮರುಳಾದವರ ಮೂಳೆಗಳು ಒಳಗೊಳಗೇ ಟೊಳ್ಳಾಗುತ್ತವೆ.

ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಶ್ರಾವಣ ಸೋಮವಾರವೋ ಏಕಾದಶಿಯೋ ರಂಜಾನಿನ ರೋಜಾವೋ ಬಂದಾಗ ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಕೇಳಿಕೊಳ್ಳಬೇಕು. ಮೈ ಬೆವರಿ ಕೈ ನಡುಗಿ, ಮಾತು ತೊದಲಿ, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಇವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ಬೇಸಿಗೆಯ ಮಧ್ಯಾಹ್ನ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬೊಬ್ಬೆ ಬಂದದ್ದು ಸಂಜೆಯವರೆಗೆ ತಿಳಿಯದೆ, ಕೊನೆಗೆ ಬೆರಳನ್ನೇ ಕಳೆದುಕೊಂಡವರುಂಟು. ಆದ್ದರಿಂದ ದಿನವೂ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಇಲ್ಲವೆ ಮೊಮ್ಮಕ್ಕಳಿಗೆ ತೋರಿಸಬೇಕು. ಚಪ್ಪಲಿಗೆ ಹಿಮ್ಮಡಿಯ ಪಟ್ಟಿ ಇರಲಿ. ಸವೆದ ಹವಾಯಿ ಚಪ್ಪಲಿ ಒದ್ದೆ ನೆಲದಲ್ಲಿ ಎಣ್ಣೆ ಸವರಿದಂತೆ ಜಾರುತ್ತದೆ.

ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯಾಗಬೇಕು. ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೇ ಆಗುತ್ತದೆ. ಓದುವುದಕ್ಕೂ ದೂರ ನೋಡುವುದಕ್ಕೂ ಒಂದೇ ಕನ್ನಡಕವಿರುವವರು ಮೆಟ್ಟಿಲು ಇಳಿಯುವಾಗ ಗದ್ದವನ್ನು ಎದೆಗೆ ತಂದು ಮೇಲಿನ ಗಾಜಿನ ಮೂಲಕವೇ ನೋಡಬೇಕು.

ಬಿಸಿಲು ಮತ್ತು ನೀರು

ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ ನೀರಡಿಕೆಯನ್ನು ನಂಬಿಕೊಂಡು ನೀರು ಕುಡಿಯುವುದು ಹಿರಿಯರಿಗೆ ಸಾಲದು, ಏಕೆಂದರೆ ವಯಸ್ಸಾದಂತೆ ನೀರಡಿಕೆಯ ಅರಿವೇ ಮಂದವಾಗುತ್ತದೆ. ದೇಹದ ನೀರು ಕಡಿಮೆಯಾದಾಗ ರಕ್ತದೊತ್ತಡ ಇಳಿದು, ಎದ್ದಾಗ ತಲೆ ತಿರುಗಿ ಬೀಳುವುದುಂಟು. ಬಿಸಿಲಿಗೂ ಮೂಳೆಮುರಿತಕ್ಕೂ ಇರುವ ನಂಟು ಇದು. ಗಂಟೆಗೊಮ್ಮೆ ಅರ್ಧ ತಂಬಿಗೆ ನೀರನ್ನೋ ನೀರುಮಜ್ಜಿಗೆಯನ್ನೋ ಅಂಬಲಿಯನ್ನೋ ಕೈಗೆ ಕೊಡುವುದು ಮನೆಯವರ ಕೆಲಸವಾಗಲಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಹೇಳಿಸಿಕೊಂಡವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು. ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರಾಯಿತು. ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಈಗಲೂ ಹೋಗುವ ಅಜ್ಜಿಯರು ಬೇಸಿಗೆಯಲ್ಲಿ ಬೆಳಗಿನ ಹತ್ತರೊಳಗೆ ಹೊಲದಿಂದ ಮರಳಬೇಕು. ಮೈ ಕೆಂಡದಂತೆ ಸುಡುತ್ತಿದ್ದು, ಮಾತು ತಪ್ಪಿ, ಗುರುತು ಹಿಡಿಯದಂತಾದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ಅವರು ಬರುವವರೆಗೆ ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸನಾಳಕ್ಕೆ ಹೋಗುತ್ತದೆ.

ನೀರಿನ ಇನ್ನೊಂದು ಸಂಗತಿ ನಮ್ಮ ನಾಡಿಗೆ ಅಂಟಿಕೊಂಡದ್ದು. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲೆಗಳ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ತಡೆದುಕೊಳ್ಳಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ದಶಕಗಳ ಕಾಲ ಕುಡಿದವರ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಎಡವಿದಾಗ ಸಾವರಿಸಿಕೊಳ್ಳಲು ಅವರ ಮೈ ಬಗ್ಗುವುದಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಆದ್ದರಿಂದ ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಬಳಸಬೇಕು. ಆದರೆ ಆ 20 ಲೀಟರಿನ ಕ್ಯಾನು 20 ಕಿಲೋಗಿಂತ ಹೆಚ್ಚು ಭಾರವಿರುತ್ತದೆ. ಅದನ್ನು ಹಿರಿಯರು ಎತ್ತಬಾರದು. ಮೂಳೆ ಸೊರಗಿದವರಲ್ಲಿ ಬಾಗಿ ಭಾರ ಎತ್ತಿದಷ್ಟಕ್ಕೇ ಬೆನ್ನೆಲುಬಿನ ಮಣಿ ಕುಸಿಯಬಹುದು. ತರಲು ಬೇರೆ ಯಾರೂ ಇಲ್ಲದವರು ಐದು ಲೀಟರಿನ ಎರಡು ಡಬ್ಬಿಗಳನ್ನು ಎರಡೂ ಕೈಗೆ ಹಂಚಿಕೊಂಡೋ, ಸಣ್ಣ ಗಾಡಿಯಲ್ಲಿ ತಳ್ಳಿಕೊಂಡೋ ತರಲಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಜೋಳದಲ್ಲಿ ಸುಣ್ಣದಂಶ ಕಡಿಮೆ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಇದೆ. ಹಾಲು, ಮೊಸರು, ಸಿಪ್ಪೆ ತೆಗೆಯದ ಎಳ್ಳಿನ ಪುಡಿ, ಗುರೆಳ್ಳು ಪುಡಿ ದಿನವೂ ತಟ್ಟೆಯಲ್ಲಿರಲಿ. ಸ್ನಾಯುವಿಗೆ ಬೇಕಾದ ಪ್ರೋಟೀನು ಹೆಸರುಕಾಳು, ಮಡಿಕೆಕಾಳು, ಶೇಂಗಾ, ಮೊಟ್ಟೆಗಳಿಂದ ಸಿಗುತ್ತದೆ. ಹಲ್ಲಿಲ್ಲದವರು ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ತಿನ್ನಲಿ, ಬರೀ ಅನ್ನ ಸಾರಿಗೆ ಇಳಿಯದಿರಲಿ. ಇಷ್ಟು ಬಿಸಿಲಿನ ನಾಡಿನಲ್ಲಿಯೂ ಮನೆಯೊಳಗೇ ಇರುವ ಹಿರಿಯರಿಗೆ ಡಿ ಜೀವಸತ್ವದ ಕೊರತೆಯಾಗಬಹುದು. ವೈದ್ಯರು ಹೇಳಿದರೆ ರಕ್ತಪರೀಕ್ಷೆ ಮಾಡಿಸಿ ನೋಡಬೇಕು.

ಹೊರಗೆ ಹೋಗುವಾಗ

ಬೈಕಿನ ಹಿಂಬದಿಯಲ್ಲಿ ಒಂದೇ ಬದಿಗೆ ಕಾಲುಹಾಕಿ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೊಮ್ಮಗುವನ್ನು ಹಿಡಿದು ಕುಳಿತ ಅಜ್ಜಿ ಕಣ್ಣಿಗೆ ಕಾಣದ ಒಂದು ಸ್ಪೀಡ್ ಬ್ರೇಕರಿಗೆ ಹಾರಿ ಬೀಳುತ್ತಾರೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯ. ಹಿರಿಯರ ತಲೆಗೆ ಅದನ್ನು ಹಾಕದೆ ಬೈಕು ಹೊರಡಬಾರದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲನ್ನು ಫುಟ್‌ರೆಸ್ಟಿನ ಮೇಲಿಟ್ಟು, ಬೈಕಿನ ಹಿಡಿಕೆಯನ್ನೇ ಹಿಡಿಯಬೇಕು, ಚೀಲವನ್ನು ಸವಾರ ಮುಂದೆ ಇಟ್ಟುಕೊಳ್ಳಲಿ.

ಜೂನ್ 11, 2023ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ತವರಿಗೆ, ಗುಡಿಗೆ ಹೋಗಿಬರುವ ತಾಯಂದಿರ ಓಡಾಟ ಹೆಚ್ಚಿದೆ. ಅದು ಸಂತೋಷದ ಸಂಗತಿ. ಬಸ್ಸು ಪೂರ್ತಿ ನಿಲ್ಲುವವರೆಗೆ ಸೀಟಿನಿಂದ ಏಳದಿದ್ದರೆ ಸಾಕು, ಇಳಿಯುವವರೆಗೆ ಕಾಯಿರೆಂದು ಕಂಡಕ್ಟರರಿಗೆ ಮೊದಲೇ ಹೇಳಿಡಬಹುದು. ಬಸ್ಸಿನ ಎತ್ತರದ ಮೆಟ್ಟಿಲಿಗೂ ಗುಡಿಯ ಮೆಟ್ಟಿಲಿಗೂ ಒಂದೇ ಕ್ರಮ: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಆನೆಗೊಂದಿಯ ಬಳಿಯ ಅಂಜನಾದ್ರಿಗೆ 575 ಮೆಟ್ಟಿಲುಗಳಿವೆ. ಏರುವಾಗ ಉಸಿರಿಗೆ ಕಷ್ಟ, ಇಳಿಯುವಾಗ ಮೊಣಕಾಲಿಗೆ ಕಷ್ಟ; ಭಕ್ತಿಯಿಂದ ಏರಿದವರು ಇಳಿಯುವ ಹೊತ್ತಿಗೆ ತೊಡೆ ನಡುಗಿ ಬೀಳುತ್ತಾರೆ. ಅರ್ಧಕ್ಕೆ ಬಂದಾಗ ಸುಸ್ತಾದರೆ ಅಲ್ಲಿಂದಲೇ ಕೈಮುಗಿದು ಮರಳಬಹುದು. ಹುಲಿಗಿಯಲ್ಲಿ ತುಂಗಭದ್ರೆಗೆ ಇಳಿಯುವಾಗ ನೀರೊಳಗಿನ ಬಂಡೆಗೆ ಪಾಚಿ ಕಟ್ಟಿರುತ್ತದೆ. ದಡದಲ್ಲಿ ಕುಳಿತು ತಂಬಿಗೆಯಿಂದ ನೀರು ಹಾಕಿಕೊಂಡರೂ ಜಳಕವೇ. ಮಳೆಗಾಲದಲ್ಲಿ ಎರೆಮಣ್ಣಿನ ಹಾದಿಯಲ್ಲಿ ಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಗಿ ಜಾರುತ್ತದೆ, ಅಂಥ ದಿನ ಹೊಲಕ್ಕೆ ಹೋಗುವುದನ್ನು ಮುಂದೂಡಬೇಕು.

ಬಿದ್ದೇಬಿಟ್ಟರೆ

ಬಿದ್ದ ಕೂಡಲೇ ಏಳಲು ಹೋಗಬಾರದು. ಇತರರೂ ಎರಡೂ ರಟ್ಟೆ ಹಿಡಿದು ಎಳೆದು ಎಬ್ಬಿಸಬಾರದು. ಮೊದಲು ಎರಡು ನಿಮಿಷ ಉಸಿರಾಡಿಕೊಂಡು ಎಲ್ಲಿ ನೋವಿದೆಯೆಂದು ನೋಡಿಕೊಳ್ಳಬೇಕು. ನೋವು ತೀವ್ರವಾಗಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿ, ಕೈ ಮತ್ತು ಮೊಣಕಾಲುಗಳ ಮೇಲೆ ಬಂದು, ಹತ್ತಿರದ ಗಟ್ಟಿ ಕುರ್ಚಿಯವರೆಗೆ ತೆವಳಿ, ಅದರ ಮೇಲೆ ಎರಡೂ ಕೈಯೂರಿ, ಬಲವಾದ ಕಾಲಿನ ಪಾದವನ್ನು ಮುಂದಿಟ್ಟು ಎದ್ದು ತಿರುಗಿ ಕುಳಿತುಕೊಳ್ಳಬೇಕು. ಇದನ್ನು ಚೆನ್ನಾಗಿರುವಾಗಲೇ ಚಾಪೆಯ ಮೇಲೆ ಒಂದೆರಡು ಸಲ ಅಭ್ಯಾಸ ಮಾಡಿದವರಿಗೆ ಬಿದ್ದಾಗ ಗಾಬರಿಯಾಗುವುದಿಲ್ಲ. ಒಬ್ಬರೇ ಇರುವ ಹಿರಿಯರು ಮೊಬೈಲನ್ನು ಕುತ್ತಿಗೆಗೆ ನೇತುಹಾಕಿಕೊಂಡಿರಲಿ. ನೆಲದಲ್ಲಿ ಬಿದ್ದವರಿಗೆ ಮೇಜಿನ ಮೇಲಿನ ಫೋನು ಉಪಯೋಗಕ್ಕೆ ಬಾರದು.

ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಕಾಲೆತ್ತಲು ಆಗದಿದ್ದರೆ, ಸೊಂಟದ ಬಳಿ ಮೂಳೆ ಮುರಿದಿದೆಯೆಂದೇ ತಿಳಿಯಬೇಕು. ಎಣ್ಣೆ ಹಚ್ಚಿ ಉಜ್ಜುವುದು, ಎಳೆದು ಕಟ್ಟು ಕಟ್ಟಿಸುವುದು ಖಂಡಿತ ಬೇಡ. ಅಲುಗದಂತೆ ಹಲಗೆಯ ಮೇಲೆ ಮಲಗಿಸಿ 108 ಕರೆಯಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಈ ಮುರಿತಕ್ಕೆ ಶಸ್ತ್ರಚಿಕಿತ್ಸೆ ಎರಡು ದಿನದೊಳಗೆ ಆದರೆ ಒಳ್ಳೆಯದು. ಊರಿನಲ್ಲಿ ಕಟ್ಟು ಕಟ್ಟಿಸಿ ವಾರ ಕಳೆದು ಬರುವವರಿಗೆ ಹಾಸಿಗೆ ಹುಣ್ಣು, ನ್ಯುಮೋನಿಯಾ ಅಂಟಿಕೊಳ್ಳಬಹುದು. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೆನ್ನಾಗಿ ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಇತರರಲ್ಲಿಯೂ ಮುಂದಿನ ಕೆಲವು ವಾರಗಳಲ್ಲಿ ತಲೆನೋವು, ವಾಂತಿ, ಅತಿಯಾದ ತೂಕಡಿಕೆ, ಮಾತಿನಲ್ಲಿ ಗೊಂದಲ ಕಂಡರೆ ತಡಮಾಡಬಾರದು. ಹಿರಿಯ ನಾಗರಿಕರಿಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಮಕ್ಕಳು ದೂರದ ಊರಿನಲ್ಲಿರುವವರು ಆ ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿಡಲಿ.

ಗಾಯ ಮಾಗಿದ ಮೇಲೆ ಉಳಿಯುವುದು ಭಯ. ಮತ್ತೆ ಬೀಳುವೆನೆಂಬ ಭಯಕ್ಕೆ ನಡೆಯುವುದನ್ನು ಬಿಟ್ಟವರ ಕಾಲು ಇನ್ನಷ್ಟು ಸೊರಗಿ, ನಿಜವಾಗಿಯೂ ಮತ್ತೆ ಬೀಳುತ್ತಾರೆ. ನನ್ನ ತಾಯಿ ಮೊದಲ ತಿಂಗಳು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ವಾಕರ್ ಹಿಡಿದು ನಡೆದರು, ಮುಂದಿನ ತಿಂಗಳು ಅಂಗಳದ ತುಳಸಿಕಟ್ಟೆಯವರೆಗೆ, ಆಮೇಲೆ ಕೋಲು ಹಿಡಿದು ಓಣಿಯ ಕೊನೆಯ ಬೇವಿನ ಮರದವರೆಗೆ. ಹೀಗೆ ವಾರವಾರವೂ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸುತ್ತ, ಬಿದ್ದ ದಿನ, ಹೊತ್ತು, ಜಾಗ, ಆಗ ಕಾಲಲ್ಲಿದ್ದ ಚಪ್ಪಲಿ, ಅಂದು ನುಂಗಿದ ಮಾತ್ರೆ ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಬೇಕು.